ಪುಸ್ತಕದ ಬದನೆಕಾಯಿಗೆ ಹುಳ ಬೀಳುವುದಿಲ್ಲ

ಖಲೀಫಾ ಸಿಟಿಯ ಯಾವ ಸೂಪರ್ ಮಾರ್ಕೆಟ್‌ಗೆ ಬೇಕಾದರೂ ಹೋಗಿ, ನಮ್ಮವರು ಬದನೆಕಾಯಿ ಆರಿಸುವ ರೀತಿ ಒಂದೇ. ಕೈಗೆತ್ತಿಕೊಳ್ಳುತ್ತೀರಿ, ಸುತ್ತ ತಿರುಗಿಸುತ್ತೀರಿ, ತೊಟ್ಟಿನ ಬುಡ ನೋಡುತ್ತೀರಿ. ಸಣ್ಣದೊಂದು ತೂತು ಕಂಡಿತೋ, ಮುಟ್ಟಬಾರದ್ದನ್ನು ಮುಟ್ಟಿದವರ ಹಾಗೆ ವಾಪಸ್ ಇಟ್ಟುಬಿಡುತ್ತೀರಿ. ಮನೆಗೆ ಬಂದ ಮೇಲೆ ಅದೇ ನೀವು ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೊ ಕಳಿಸುತ್ತೀರಿ, ತರಕಾರಿಗೆ ಎಂಥ ವಿಷ ಹೊಡೀತಾರೆ ನೋಡಿ ಅಂತ. ವಾರಾಂತ್ಯಕ್ಕೆ ಕನ್ನಡದವರು ನಾಲ್ಕು ಮನೆಯವರು ಸೇರಿದಾಗ ಮಾತು ಇನ್ನೂ ಮುಂದೆ ಹೋಗುತ್ತದೆ. ದೇಸಿ ಬೀಜ ಉಳಿಸಬೇಕು, ಕುಲಾಂತರಿ ಬೇಡವೇ ಬೇಡ, ಮಟ್ಟು ಗುಳ್ಳದ ರುಚಿ ಇಲ್ಲಿಯ ಯಾವ ಬದನೆಗೂ ಇಲ್ಲ.

ಇದಕ್ಕೆ ಕನ್ನಡದಲ್ಲಿ ಒಂದು ಗಾದೆ ಇದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಇಲ್ಲೇ ಹುಟ್ಟಿ ಬೆಳೆದ ಓದುಗರಿಗಾಗಿ ಬಿಡಿಸಿ ಹೇಳುತ್ತೇನೆ. ವ್ರತದ ದಿನಗಳಲ್ಲಿ ಬದನೆಕಾಯಿ ನಿಷಿದ್ಧ ಅಂತ ಊರಿಗೆಲ್ಲ ಉಪದೇಶ ಮಾಡಿ, ತಾನು ಮಾತ್ರ ಮನೆಯಲ್ಲಿ ಕೂತು ಅದನ್ನೇ ತಿನ್ನುವವನ ಮೇಲಿನ ಮಾತು ಇದು. ಬದನೆಕಾಯಿಯದೇ ಇನ್ನೊಂದು ಮಾತಿದೆ, ಪುಸ್ತಕದ ಬದನೆಕಾಯಿ. ಓದಿ ತಿಳಿದದ್ದು, ಕೈಯಲ್ಲಿ ಮಾಡಿ ತಿಳಿಯದ್ದು. ಪುಸ್ತಕದ ಬದನೆಕಾಯಿ ನುಣ್ಣಗಿರುತ್ತದೆ, ಹೊಳೆಯುತ್ತಿರುತ್ತದೆ, ಅದಕ್ಕೆ ಎಂದೂ ಹುಳ ಬೀಳುವುದಿಲ್ಲ. ಪರದೇಶದಲ್ಲಿರುವ ನಮಗೆ ಬೇಕಾಗಿರುವುದು ಅಂಥದೇ ಬದನೆಕಾಯಿ. ಮಣ್ಣಿನಲ್ಲಿ ಬೆಳೆಯುವ ಬದನೆಯನ್ನು ಹಾಗೆ ಮಾಡಲು ಯಾರು ಏನು ತೆರುತ್ತಿದ್ದಾರೆ ಅಂತ ನಾವು ಕೇಳುವುದಿಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ತೂತು ಬೇಡ, ವಿಷ ಬೇಡ, ಬಿಟಿ ಬೇಡ ಅಂತ ಮೂರನ್ನೂ ಒಟ್ಟಿಗೆ ಹೇಳುವ ಹಕ್ಕು ನಮಗಿಲ್ಲ. ಬಯಲಲ್ಲಿ ಬೆಳೆಯುವ ಬದನೆಯ ಮಟ್ಟಿಗೆ ಮೂರರಲ್ಲಿ ಒಂದನ್ನು ಒಪ್ಪಿಕೊಳ್ಳಲೇಬೇಕು. ಒಪ್ಪಿಕೊಳ್ಳಬೇಕಾದ್ದು ತೂತನ್ನು ಅಂತ ನಾನು ಹೇಳುತ್ತೇನೆ.

ತೂತು ಏನು ಹೇಳುತ್ತದೆ

ಆ ತೂತನ್ನು ಮಾಡುವುದು ಒಂದು ಪತಂಗದ ಮರಿ. ನಮ್ಮ ಕೃಷಿ ಇಲಾಖೆಯವರು ಇದನ್ನು ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳು ಅನ್ನುತ್ತಾರೆ. ವಿಜ್ಞಾನದ ಹೆಸರು ಲ್ಯೂಸಿನೋಡಿಸ್ ಆರ್ಬೊನಾಲಿಸ್. ಫ್ರಾನ್ಸಿನ ಕೀಟತಜ್ಞ ಗೆನೆ 1854ರಲ್ಲಿ ಹೆಸರಿಟ್ಟದ್ದು. ಪತಂಗವನ್ನು ನೋಡಿದರೆ ಇಷ್ಟು ರಾದ್ಧಾಂತ ಇದರದಾ ಅನ್ನಿಸುತ್ತದೆ. ರೆಕ್ಕೆ ಬಿಚ್ಚಿದರೂ ಎರಡು ಸೆಂಟಿಮೀಟರ್ ಆಸುಪಾಸು. ಬಿಳಿ ರೆಕ್ಕೆ, ಮೇಲೆ ಕಂದು-ಗುಲಾಬಿ ಮಚ್ಚೆ. ಹಗಲೆಲ್ಲ ಎಲೆಯಡಿ ಅಡಗಿದ್ದು ರಾತ್ರಿ ಹಾರುತ್ತದೆ. ಎಲೆಯ ಕೆಳಮೈ, ಎಳೆ ಕುಡಿ, ಹೂಮೊಗ್ಗು, ಕಾಯಿಯ ತೊಟ್ಟು, ಇಲ್ಲೆಲ್ಲ ಒಂದೊಂದಾಗಿ ಮೊಟ್ಟೆ ಇಡುತ್ತದೆ.

ಮೊಟ್ಟೆ ಮೂರರಿಂದ ಆರು ದಿನದಲ್ಲಿ ಒಡೆಯುತ್ತದೆ. ಹೊರಗೆ ಬಂದ ಮರಿ ಕೆಲವೇ ಗಂಟೆಗಳಲ್ಲಿ ಗಿಡದೊಳಗೆ ಸೇರಿಬಿಡುತ್ತದೆ. ಗಿಡ ಇನ್ನೂ ಕಾಯಿ ಬಿಟ್ಟಿಲ್ಲವೆಂದರೆ ಕುಡಿಯನ್ನು ಕೊರೆಯುತ್ತದೆ, ಕುಡಿ ಬಾಡಿ ಜೋತುಬೀಳುತ್ತದೆ. ಕಾಯಿ ಬಂದ ಮೇಲೆ ಕಾಯಿಯನ್ನು ಹುಡುಕಿಕೊಂಡು ಹೋಗುತ್ತದೆ. ಒಳಹೊಕ್ಕ ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಒಳಗೆ ಎರಡು ವಾರದಷ್ಟು ಕಾಲ, ಚಳಿಯಿದ್ದರೆ ಇನ್ನೂ ಹೆಚ್ಚು, ತಿಂದು ಬೆಳೆದು ಗುಲಾಬಿ ಬಣ್ಣದ ದಪ್ಪ ಹುಳವಾಗುತ್ತದೆ. ಆಮೇಲೆ ದೊಡ್ಡದೊಂದು ತೂತು ಕೊರೆದು ಹೊರಗೆ ಬಂದು, ಮಣ್ಣಿನ ಮೇಲೆ, ಒಣಗಿದ ಎಲೆಕಸದ ನಡುವೆ ಗೂಡು ಕಟ್ಟುತ್ತದೆ.

ಇದನ್ನು ಇನ್ನೊಂದು ಸಲ ನಿಧಾನವಾಗಿ ಓದಿ. ಅಂಗಡಿಯಲ್ಲಿ ನಿಮ್ಮ ಕಣ್ಣಿಗೆ ಬೀಳುವ ಆ ದುಂಡು ತೂತು ಬಹುಮಟ್ಟಿಗೆ ಹುಳ ಹೊರಟುಹೋದ ಬಾಗಿಲು. ಹುಳ ಒಳಹೊಕ್ಕ ಬಾಗಿಲು ಕಾಣುವುದೇ ಇಲ್ಲ. ಅಂದರೆ ತೂತಿರುವ ಕಾಯಿಯಲ್ಲಿ ಹುಳ ಬಹುಶಃ ಇಲ್ಲ. ತೂತಿಲ್ಲದ ಕಾಯಿಯಲ್ಲಿ ಇರಬಹುದು. ಅಷ್ಟು ಹೊತ್ತು ತಿರುಗಿಸಿ ತಿರುಗಿಸಿ ನೋಡಿ ಆರಿಸಿದಿರಲ್ಲ, ಆ ಪರೀಕ್ಷೆಗೆ ಅರ್ಥವೇ ಇಲ್ಲ. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಒಂದೂ ಕಲೆ ಇಲ್ಲದ ಗುಳ್ಳ ತರಿಸಿಕೊಳ್ಳುವವರಿಗೂ ಇದೇ ಮಾತು. ಕಲೆ ಇಲ್ಲ ಅಂದಮಾತ್ರಕ್ಕೆ ಅದರ ಜೊತೆ ಇನ್ನೊಬ್ಬ ಪ್ರಯಾಣಿಕ ಬಂದಿಲ್ಲ ಅಂತ ಹೇಳಲಾಗದು. ದೇಶದಿಂದ ದೇಶಕ್ಕೆ ಸಸ್ಯ ಸಾಗಿಸಲು ಅಷ್ಟೊಂದು ನಿಯಮ ಇರುವುದು ಇದಕ್ಕೇ.

ಅಜ್ಜಿಯರು ಇದನ್ನು ಬೇರೆ ರೀತಿ ನಿಭಾಯಿಸುತ್ತಿದ್ದರು. ಎಣ್ಣೆಗಾಯಿಗೆ ತೊಟ್ಟು ಬಿಡದಂತೆ ನಾಲ್ಕು ಸೀಳು ಮಾಡಿ, ಬಿಡಿಸಿ ಒಳಗೆ ನೋಡಿ, ಉಪ್ಪುನೀರಿಗೆ ಹಾಕುತ್ತಿದ್ದರು. ಉತ್ತರ ಕರ್ನಾಟಕದ ಕಡೆ ಮುಳಗಾಯಿ ಅನ್ನುತ್ತಾರಲ್ಲ, ಅದರ ಎಣಗಾಯಿಗೂ ಇದೇ ಕ್ರಮ. ಹುಳುಕಿದ್ದ ಕಡೆ ಕತ್ತರಿಸಿ ತೆಗೆದು, ಉಳಿದದ್ದನ್ನು ಹುಳಿಗೋ ಪಲ್ಯಕ್ಕೋ ಹಾಕುತ್ತಿದ್ದರು. ಪೂರ್ತಿ ಕೊಳೆತಿದ್ದರೆ ದನದ ಮುಂದೆ. ಇಡೀ ಕಾಯಿ ಸುಟ್ಟು ಮಾಡುವ ಗೊಜ್ಜಿಗೆ ಮಾತ್ರ ಮೊದಲೇ ಒಂದು ಸೀಳು ಹಾಕಿ ನೋಡಿ ಒಲೆಗಿಡುತ್ತಿದ್ದರು. ಪರೀಕ್ಷೆ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ, ಈಳಿಗೆಮಣೆಯ ಮೇಲೆ. ನಾವು ಆ ಐದು ನಿಮಿಷದ ಕೆಲಸವನ್ನು ಅಡುಗೆಮನೆಯಿಂದ ಎತ್ತಿ ರೈತನ ತಲೆಯ ಮೇಲೆ ಹಾಕಿದ್ದೇವೆ. ನೀನೇ ಏನಾದರೂ ಮಾಡು, ನಮಗೆ ಮಾತ್ರ ತೂತು ಕಾಣಿಸಬಾರದು ಅಂತ.

ಅವನು ಏನು ಮಾಡುತ್ತಾನೆ

ಹತೋಟಿ ಮಾಡದೆ ಬಿಟ್ಟ ಹೊಲದಲ್ಲಿ ಅರ್ಧಕ್ಕೂ ಹೆಚ್ಚು ಕಾಯಿ ಹುಳುಕಾಗುವುದು ಅಪರೂಪವೇನಲ್ಲ. ಹುಳುಕಾದ ಕಾಯಿಯನ್ನು ಮಂಡಿಯಲ್ಲಿ ಬೇರೆ ಮಾಡಿ ಬದಿಗೆ ಹಾಕುತ್ತಾರೆ. ಹಾಗಾಗಿ ಅವನು ಔಷಧಿ ಹೊಡೆಯುತ್ತಾನೆ. ಈ ಪದವನ್ನೂ ಒಂದು ಗಳಿಗೆ ನೋಡಿ. ಬಯಲುಸೀಮೆಯಲ್ಲಿ ಔಷಧಿ ಅಂತಾರೆ, ಉತ್ತರದಲ್ಲಿ ಎಣ್ಣೆ ಅಂತಾರೆ, ಕರಾವಳಿಯಲ್ಲಿ ಮದ್ದು ಅಂತಾರೆ. ವಿಷ ಅಂತ ಯಾರೂ ಅನ್ನುವುದಿಲ್ಲ.

ಔಷಧಿಯ ಕಷ್ಟ ಏನು ಅಂದರೆ, ಹುಳ ಗಿಡದ ಹೊರಗೆ ಸಿಗುವುದು ಆ ಕೆಲವು ಗಂಟೆ ಮಾತ್ರ. ಒಳಗೆ ಹೋದ ಮೇಲೆ ಹೊರಗಿನಿಂದ ಎಷ್ಟು ಹೊಡೆದರೂ ಅದಕ್ಕೆ ಮುಟ್ಟುವುದು ಕಷ್ಟ. ಬದನೆಗಿಡವೋ ತಿಂಗಳುಗಟ್ಟಲೆ ಹೂ ಬಿಡುತ್ತಲೇ, ಕಾಯಿ ಕಟ್ಟುತ್ತಲೇ ಇರುತ್ತದೆ. ಪತಂಗ ಪ್ರತಿ ರಾತ್ರಿ ಮೊಟ್ಟೆ ಇಡುತ್ತಲೇ ಇರುತ್ತದೆ. ಆ ಕೆಲವು ಗಂಟೆಗಳನ್ನು ಹಿಡಿಯಬೇಕೆಂದರೆ ಗಿಡದ ಮೇಲೆ ಯಾವಾಗಲೂ ವಿಷ ಇರಬೇಕು. ವಾರಕ್ಕೊಮ್ಮೆ, ಆಮೇಲೆ ವಾರಕ್ಕೆರಡು ಸಲ, ಕೆಲವು ಕಡೆ ದಿನ ಬಿಟ್ಟು ದಿನ. ಬಾಂಗ್ಲಾದೇಶದಲ್ಲಿ ಕೆಲವು ರೈತರು ಒಂದೇ ಬೆಳೆಗೆ 80ಕ್ಕೂ ಹೆಚ್ಚು ಸಲ ಸಿಂಪಡಿಸಿದ್ದು ದಾಖಲಾಗಿದೆ.

ಇನ್ನೊಂದು ಲೆಕ್ಕ ನೋಡಿ. ಸಿಂಪಡಿಸಿದ ಮೇಲೆ ಇಷ್ಟು ದಿನ ಕಾಯಿ ಕೀಳಬಾರದು ಅಂತ ಪ್ರತಿ ಕೀಟನಾಶಕಕ್ಕೂ ಒಂದು ಅವಧಿ ಇರುತ್ತದೆ. ಬದನೆಯನ್ನು ನಾಲ್ಕೈದು ದಿನಕ್ಕೊಮ್ಮೆ ಕೀಳಲೇಬೇಕು, ಬಿಟ್ಟರೆ ಬಲಿತು ಬೀಜಗಟ್ಟುತ್ತದೆ, ಯಾರೂ ಕೊಳ್ಳುವುದಿಲ್ಲ. ವಾರಕ್ಕೆರಡು ಸಲ ಹೊಡೆಯುವವನು, ವಾರಕ್ಕೆರಡು ಸಲ ಕೀಳುವವನು, ಕಾಯುವುದು ಯಾವಾಗ? ಇಂದು ಹೊಡೆದದ್ದು ನಾಳೆ ಮಂಡಿಯಲ್ಲಿ ಇರುತ್ತದೆ. ಅದನ್ನು ಕೈಗವಸಿಲ್ಲದೆ ಬೆರೆಸಿದವನು, ಬೆನ್ನಿಗೆ ಪಂಪು ಹೊತ್ತು ಗಾಳಿಗೆ ಎದುರಾಗಿ ನಡೆದವನು, ಮರುದಿನ ಅದೇ ಗಿಡಗಳ ನಡುವೆ ಬಗ್ಗಿ ಕಾಯಿ ಕಿತ್ತ ಹೆಂಗಸು, ಇವರ ಪಾಲಿಗೆ ಬಂದದ್ದರ ಮುಂದೆ ನಿಮ್ಮ ತಟ್ಟೆಗೆ ಬರುವುದು ಬಹಳ ಕಡಿಮೆ.

ಕಾಸರಗೋಡಿನಿಂದ, ದಕ್ಷಿಣ ಕನ್ನಡದಿಂದ ಬಂದು ಇಲ್ಲಿ ನೆಲೆಸಿದವರಿಗೆ ಮದ್ದಿನ ಕಥೆ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನ ಸರಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಕನ್ನಡದ ಊರುಗಳ ಮನೆಮನೆಯಲ್ಲಿ ಅದರ ಗುರುತು ಇವತ್ತೂ ಇದೆ. ಅಲ್ಲಿಯ ಶತ್ರು ಈ ಪತಂಗವಲ್ಲ, ಗೇರಿನ ಹೂ-ಚಿಗುರಿಗೆ ಬರುವ ಟೀ ಸೊಳ್ಳೆ. ಆದರೆ ಲೆಕ್ಕಾಚಾರ ಇದೇ ಆಗಿತ್ತು. ಕೀಟ ಕಾಣಬಾರದು, ಉಳಿದದ್ದು ಆಮೇಲೆ ನೋಡೋಣ. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸುವ ಹೊತ್ತಿಗೆ ಆ ‘ಆಮೇಲೆ’ ಬಂದು ಬಹಳ ವರ್ಷಗಳಾಗಿದ್ದವು.

ಎರಡೂ ಬಾಗಿಲು ಮುಚ್ಚಿದರೆ

ಬೇಡ ಅನ್ನುವುದರಲ್ಲಿ ನಾವೊಬ್ಬರೇ ಇಲ್ಲ, ದೇಶದೇಶಗಳೇ ನಮ್ಮ ಹಾಗೆ ಆಡುತ್ತವೆ. 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವಿನಹಣ್ಣನ್ನು ತಡೆಯಿತು. ಆಲ್ಫಾನ್ಸೊ ಹೋಯಿತು ಅಂತ ಪತ್ರಿಕೆಗಳು ಬರೆದದ್ದು ನಿಮಗೆ ನೆನಪಿರಬಹುದು. ಅದೇ ಆದೇಶದಲ್ಲಿ ಬದನೆಕಾಯಿ, ಹಾಗಲಕಾಯಿ, ಪಡವಲಕಾಯಿ, ಕೆಸುವೂ ಇದ್ದವು. ಕಾರಣ, ಬಂದ ಸರಕಿನಲ್ಲಿ ಮತ್ತೆ ಮತ್ತೆ ಕೀಟ ಸಿಕ್ಕಿದ್ದು.

ಈಗ ನಾವಿರುವ ದೇಶಕ್ಕೆ ಬನ್ನಿ. 2017ರ ಮೇ 15ರಿಂದ ಯುಎಇ ಸರಕಾರ ನೆರೆಯ ಕೆಲವು ದೇಶಗಳ ತರಕಾರಿ-ಹಣ್ಣನ್ನು ತಡೆಯಿತು. ಜೋರ್ಡಾನಿನಿಂದ ಬರುವ ತರಕಾರಿಗಳ ಪಟ್ಟಿಯಲ್ಲಿ ಬದನೆಕಾಯಿ ಇತ್ತು. ಕಾರಣ, ಮಿತಿಗಿಂತ ಹೆಚ್ಚು ಕೀಟನಾಶಕದ ಉಳಿಕೆ ಸಿಕ್ಕಿದ್ದು.

ಎರಡೂ ಸರಕಾರಗಳು ಮಾಡಿದ್ದು ತಮ್ಮ ತಮ್ಮ ಕರ್ತವ್ಯ, ತಪ್ಪೇನಿಲ್ಲ. ಆದರೆ ಹೊಲದಲ್ಲಿ ನಿಂತವನ ಜಾಗದಲ್ಲಿ ನಿಂತು ನೋಡಿ. ಒಂದು ಬಾಗಿಲಿನಲ್ಲಿ ಹುಳ ಇದೆ, ಹೋಗು ಅಂತಾರೆ. ಇನ್ನೊಂದು ಬಾಗಿಲಿನಲ್ಲಿ ವಿಷ ಇದೆ, ಹೋಗು ಅಂತಾರೆ. ಗಡಿಯ ಅಧಿಕಾರಿಯಾದರೂ ಒಂದು ಸಲಕ್ಕೆ ಒಂದು ಕಾರಣಕ್ಕೆ ತಿರಸ್ಕರಿಸುತ್ತಾನೆ. ನಾವು ಮಾತ್ರ ಅಂಗಡಿಯಲ್ಲಿ ಹುಳಕ್ಕಾಗಿ, ವಾಟ್ಸಾಪಿನಲ್ಲಿ ವಿಷಕ್ಕಾಗಿ, ಒಂದೇ ದಿನ ಎರಡೂ ಬಾಗಿಲು ಮುಚ್ಚುತ್ತೇವೆ.

ಹಾಗಾದರೆ ಬಿಟಿ?

ಹೊರಗಿನಿಂದ ವಿಷ ಮುಟ್ಟುವುದಿಲ್ಲ ಅಂತಾದರೆ ಗಿಡದೊಳಗೇ ಇಟ್ಟುಬಿಡೋಣ ಅಂದವರು ವಿಜ್ಞಾನಿಗಳು. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ತೆಗೆದ ಕ್ರೈ1ಎಸಿ ಎಂಬ ವಂಶವಾಹಿಯನ್ನು ಬದನೆಗೆ ಸೇರಿಸಿದರು. ಅದು ತಯಾರಿಸುವ ಪ್ರೋಟೀನನ್ನು ತಿಂದ ಮರಿಹುಳ ಸಾಯುತ್ತದೆ. ಮಹಿಕೊ ಕಂಪನಿಯ ಜೊತೆ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇತ್ತು. ಕುಡಚಿ, ರಬಕವಿ, ಉಡುಪಿ ಅಂತ ನಮ್ಮ ಊರುಗಳ ಹೆಸರು ಹೊತ್ತ ಸ್ಥಳೀಯ ತಳಿಗಳನ್ನೇ ಇದಕ್ಕೆ ಬಳಸಿದರು. ಅನುಮತಿ ಪಡೆಯದೆ ಬಳಸಿದರು ಎಂಬ ದೂರು ಮುಂದೆ ನ್ಯಾಯಾಲಯದವರೆಗೂ ಹೋಯಿತು.

2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ಕೊನೆಯದು ಬೆಂಗಳೂರಿನಲ್ಲಿ. 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಹಾಕಿದರು. ಬಾಂಗ್ಲಾದೇಶ ಬೇರೆ ದಾರಿ ಹಿಡಿಯಿತು. 2013ರಲ್ಲಿ ಒಪ್ಪಿಗೆ ಕೊಟ್ಟು 2014ರ ಜನವರಿಯಲ್ಲಿ 20 ರೈತರಿಗೆ ಸಸಿ ಹಂಚಿತು. ಕೆಲವೇ ವರ್ಷಗಳಲ್ಲಿ ಸಾವಿರಾರು ರೈತರು ಬೆಳೆದರು. ಅಲ್ಲಿ ಔಷಧಿಯ ಬಳಕೆ ಇಳಿಯಿತು ಅಂತ ಅಧ್ಯಯನಗಳು ಹೇಳುತ್ತವೆ. ಬಿಟಿಯನ್ನು ವಿರೋಧಿಸುವವರು ಈ ಮಾತನ್ನು ನುಂಗಿಕೊಳ್ಳಬಾರದು.

ಬಿಟಿ ಬೇಕು ಅನ್ನುವವರೂ ಇನ್ನೊಂದು ಮಾತನ್ನು ನುಂಗಬಾರದು. ತಡೆ ಬಿದ್ದ ಮರುತಿಂಗಳೇ, 2010ರ ಮಾರ್ಚಿನಲ್ಲಿ, ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಹತ್ತಿಯ ಗುಲಾಬಿ ಕಾಯಿಕೊರಕ ಇದೇ ಕ್ರೈ1ಎಸಿಯನ್ನು ಅರಗಿಸಿಕೊಳ್ಳುವಷ್ಟು ಗಟ್ಟಿಯಾಗಿದೆ ಅಂತ ಮಾನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. ಒಂದೇ ವಿಷವನ್ನು ಎಡೆಬಿಡದೆ ಎದುರಿಸುವ ಹುಳ ಇವತ್ತಲ್ಲ ನಾಳೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ವಿಷ ಪಂಪಿನಿಂದ ಬಂದರೂ ಅಷ್ಟೆ, ವಂಶವಾಹಿಯಿಂದ ಬಂದರೂ ಅಷ್ಟೆ. ಮೇಲಾಗಿ ಬದನೆಗೆ ಜಿಗಿಹುಳು, ಬಿಳಿನೊಣ, ನುಸಿ ಎಲ್ಲ ಬರುತ್ತವೆ, ಅವುಗಳ ಮೇಲೆ ಬಿಟಿ ನಡೆಯುವುದಿಲ್ಲ.

ಬಿಟಿ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಪು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ನನ್ನ ತಕರಾರು ಇರುವುದು 2010ರ ಫೆಬ್ರವರಿ 10ರ ಬೆಳಗ್ಗೆಯ ಬಗ್ಗೆ. ತಡೆ ಬಿತ್ತು, ಗೆದ್ದೆವು ಅಂತ ಊರಲ್ಲಿ ಸಿಹಿ ಹಂಚಿದರೆ ನಾವು ಇಲ್ಲಿಂದ ಚಪ್ಪಾಳೆ ಹೊಡೆದೆವು. ಆ ಬೆಳಗ್ಗೆಯೂ ಪತಂಗ ಮೊಟ್ಟೆ ಇಟ್ಟಿತ್ತು, ಆ ಬೆಳಗ್ಗೆಯೂ ಒಬ್ಬ ಬೆನ್ನಿಗೆ ಪಂಪು ಕಟ್ಟಿಕೊಂಡಿದ್ದ. ಬಿಟಿ ಬೇಡ ಅಂದವರು ಸ್ವಲ್ಪ ಹುಳುಕಿದ್ದರೂ ಪರವಾಗಿಲ್ಲ, ನಾವು ಕೊಳ್ಳುತ್ತೇವೆ ಅಂತ ಜೊತೆಗೇ ಹೇಳಬೇಕಿತ್ತು. ಹೇಳದಿದ್ದರೆ ಬಿಟಿ ಬೇಡ ಎಂಬ ಮಾತಿಗೆ ಹೊಲದಲ್ಲಿ ಇರುವ ಅರ್ಥ ಒಂದೇ, ಇನ್ನಷ್ಟು ಔಷಧಿ.

ಮಟ್ಟುವಿನ ಮಾತು

ಉಡುಪಿಯ ಕಟಪಾಡಿ ಹತ್ತಿರ ಮಟ್ಟು ಅಂತ ಊರು. ಸಮುದ್ರ, ಹೊಳೆ, ನಡುವೆ ಮರಳು ಬೆರೆತ ನೆಲ. ಮಳೆಗಾಲದ ಭತ್ತ ಕೊಯ್ದ ಮೇಲೆ ಆ ಗದ್ದೆಗಳಲ್ಲಿ ಗುಳ್ಳ ಬೆಳೆಯುತ್ತಾರೆ. ತಿಳಿಹಸಿರು, ಬಿಳಿ ಗೀರು, ದುಂಡಗಿನ ಬದನೆ. ಸೋದೆ ಮಠದ ವಾದಿರಾಜರು ಊರವರಿಗೆ ಬೀಜ ಕೊಟ್ಟರು ಎಂಬುದು ಐತಿಹ್ಯ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬಿಟಿ ವಿವಾದ ನಡೆದಾಗ ಕರಾವಳಿಯವರು ಮೊದಲು ಹೆದರಿದ್ದು ಈ ಗುಳ್ಳಕ್ಕಾಗಿ.

ಗುಳ್ಳ ಅಂದರೆ ನಮಗೆ ಕಣ್ಣು ಒದ್ದೆಯಾಗುತ್ತದೆ. ಒಪ್ಪಿದೆ. ಆದರೆ ಈ ಹುಳಕ್ಕೆ ವಾದಿರಾಜರು ಗೊತ್ತಿಲ್ಲ, ಭೌಗೋಳಿಕ ಸೂಚಕವೂ ಗೊತ್ತಿಲ್ಲ. ಬದನೆ ನಮ್ಮ ಉಪಖಂಡದ್ದೇ ಬೆಳೆ, ಈ ಪತಂಗವೂ ಅದರ ಜೊತೆಗೇ ಬಾಳಿಕೊಂಡು ಬಂದದ್ದು. ಒಂದು ತಳಿ ತಲೆಮಾರುಗಳ ಕಾಲ ಉಳಿದು ಬಂದಿದೆ ಅಂದರೆ, ತೂತು ಬಿದ್ದ ಕಾಯಿಯನ್ನೂ ಮನೆಗೆ ಒಯ್ದು, ಸೀಳಿ, ನೋಡಿ, ಬೇಯಿಸಿ ತಿಂದವರು ಅಷ್ಟೂ ಕಾಲ ಇದ್ದರು ಅಂತ ಅರ್ಥ. ತಳಿಯನ್ನು ಉಳಿಸಿದ್ದು ಬೆಳೆದವನ ಕೈ ಮಾತ್ರವಲ್ಲ, ತಿಂದವರ ಸೈರಣೆಯೂ ಹೌದು. ಈಗ ಬೆಳೆದವನು ಇದ್ದಾನೆ, ಆ ಸೈರಣೆ ಇಲ್ಲ. ನಾಟಿ ತಳಿ ಬೇಕು, ಆದರೆ ಕಾರ್ಖಾನೆಯಿಂದ ಬಂದ ಹಾಗೆ ಇರಬೇಕು ಅಂದರೆ ಹೇಗೆ? ಮೈಸೂರಿನ ಈರನಗೆರೆ ಬದನೆಯನ್ನು ನೆನೆದು ನಿಟ್ಟುಸಿರು ಬಿಡುವವರಿಗೂ ಇದೇ ಪ್ರಶ್ನೆ.

ನಿಮ್ಮ ತಕರಾರುಗಳು

ದುಡ್ಡು ಕೊಟ್ಟು ಹುಳುಕು ಯಾಕೆ ತರಬೇಕು ಅಂತೀರಿ. ಖರ್ಜೂರಕ್ಕೂ ದುಡ್ಡು ಕೊಡುತ್ತೀರಲ್ಲ. ಖಲೀಫಾ ಸಿಟಿಯ ರಸ್ತೆರಸ್ತೆಯಲ್ಲಿ ಇರುವ ಆ ಮರಗಳಿಗೂ ಇಂಥದೇ ಒಂದು ಪುಟ್ಟ ಪತಂಗದ ಕಾಟ ಇದೆ. ಅದರ ಮರಿ ಎಳೆಗಾಯಿಯ ತೊಟ್ಟಿನ ಹತ್ತಿರ ಕೊರೆದು ಒಳಸೇರುತ್ತದೆ. ಖರ್ಜೂರವನ್ನು ಬಾಯಿಗೆ ಹಾಕುವ ಮೊದಲು ಬಿಡಿಸಿ ಒಳಗೆ ನೋಡುವವರನ್ನು ನೀವು ಇಲ್ಲಿ ಎಷ್ಟೋ ಸಲ ನೋಡಿದ್ದೀರಿ, ನೀವೂ ಹಾಗೆ ಮಾಡುತ್ತೀರಿ. ಒಂದರಲ್ಲಿ ಏನೋ ಕಂಡರೆ ಅದನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತೀರಿ, ಇಡೀ ಡಬ್ಬಿಯನ್ನು ಎಸೆಯುವುದಿಲ್ಲ. ಖರ್ಜೂರಕ್ಕೆ ತೋರಿಸುವ ಸೈರಣೆ ಬದನೆಗೆ ಯಾಕಿಲ್ಲ?

ನಾವು ಆರ್ಗ್ಯಾನಿಕ್ ತರುತ್ತೇವೆ ಅಂತೀರಿ. ತನ್ನಿ, ಒಳ್ಳೆಯದು. ಇಲ್ಲಿಯ ಬಲೆಮನೆಗಳಲ್ಲಿ, ಹಸಿರುಮನೆಗಳಲ್ಲಿ ಪತಂಗ ಒಳಬರದಂತೆ ಬೆಳೆದ ಬದನೆ ನುಣ್ಣಗಿದ್ದರೆ ಅದರ ಖರ್ಚನ್ನು ಬೆಲೆಯಲ್ಲಿ ಕೊಟ್ಟಿದ್ದೀರಿ, ಲೆಕ್ಕ ಚುಕ್ತಾ. ಆದರೆ ಬಯಲಿನಲ್ಲಿ ಬೆಳೆದ, ಔಷಧಿ ಮುಟ್ಟದ ಬದನೆಯೂ ಒಂದೇ ಒಂದು ಕಲೆಯಿಲ್ಲದೆ ಇರಬೇಕು ಅಂತ ಹಟ ಹಿಡಿದರೆ ನೀವು ಮಾರುವವನಿಗೆ ಸುಳ್ಳು ಹೇಳುವುದನ್ನು ಕಲಿಸುತ್ತಿದ್ದೀರಿ.

ಪರದೇಶದಲ್ಲಿರುವ ನಾವು ನಾಲ್ಕು ಜನ ಏನು ಕೊಂಡರೆ ಏನು ಅಂತೀರಿ. ನಾಲ್ಕು ಜನರ ಮಾತಿಗೆ ಊರಲ್ಲಿ ಎಷ್ಟು ಬೆಲೆ ಇದೆ ಅಂತ ನಿಮಗೇ ಗೊತ್ತು. ರಜೆಗೆ ಹೋದಾಗ ಅತ್ತೆ ತಂದಿಟ್ಟ ಬದನೆಯನ್ನು ನೋಡಿ ನೀವು ಮುಖ ಸಿಂಡರಿಸಿದ್ದು ಇಡೀ ಮನೆಗೆ ಪಾಠ ಆಗುತ್ತದೆ. ಮೊಬೈಲಿನಲ್ಲಿ ತರಕಾರಿ ತರಿಸುವ ಬೆಂಗಳೂರಿನ ನಿಮ್ಮ ತಮ್ಮ, ತಂಗಿ, ಎಲ್ಲರೂ ಆ ಪಾಠ ಓದುತ್ತಾರೆ. ನೀವು ವಾಪಸ್ ಇಟ್ಟ ಕಾಯಿಯ ಸುದ್ದಿ ಮಂಡಿಯ ದಾರಿಯಲ್ಲಿ ಹೊಲಕ್ಕೆ ತಲುಪುತ್ತದೆ.

ಏನು ಮಾಡಬೇಕು

ಬೈದು ಸುಮ್ಮನಾದರೆ ನನ್ನದೂ ಪುಸ್ತಕದ ಬದನೆಕಾಯಿಯೇ ಆಗುತ್ತದೆ. ಮಾಡಬೇಕಾದ್ದು ಕಷ್ಟದ್ದಲ್ಲ.

ಕಾಯಿಯನ್ನು ತೊಟ್ಟು ಹಸಿರಾಗಿದೆಯಾ, ಮೈ ಬಿಗಿಯಾಗಿದೆಯಾ ಅಂತ ನೋಡಿ ಆರಿಸಿ, ಅದು ತಾಜಾತನದ ಗುರುತು. ಒಂದು ತೂತಿದ್ದರೆ ಬಿಡಬೇಡಿ. ಮೆತ್ತಗಾಗಿ ಕೊಳೆತಿದ್ದರೆ ಬಿಡಿ. ಮನೆಯಲ್ಲಿ ಪ್ರತಿ ಕಾಯಿಯನ್ನೂ, ನುಣ್ಣಗಿರುವುದನ್ನೂ, ಸೀಳಿ ನೋಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಕನ್ನಡದ ಪದ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ: ತೊಟ್ಟು, ತಿರುಳು, ಹುಳ, ಹುಳುಕು, ಹಿಕ್ಕೆ.

ಚಳಿಗಾಲದಲ್ಲಿ ವಿಲ್ಲಾದ ಹಿತ್ತಲಲ್ಲಿ, ಬಾಲ್ಕನಿಯ ಕುಂಡದಲ್ಲಿ ಬದನೆ ಬೆಳೆಸುವವರು ಬಹಳ ಜನ ಇದ್ದೀರಿ. ಯಾವುದಾದರೂ ಕುಡಿ ಬಾಡಿ ಜೋತುಬಿದ್ದರೆ ಸೀಳಿ ನೋಡಿ. ಒಳಗೆ ಕೊರೆದಿದ್ದರೆ ಬಾಡಿದ ಭಾಗದ ಕೆಳಗಿನವರೆಗೆ ಕತ್ತರಿಸಿ, ಚೀಲಕ್ಕೆ ಹಾಕಿ ಕಟ್ಟಿ ಬಿಸಾಡಿ. ಗಿಡದ ಬುಡದಲ್ಲೇ ಎಸೆದರೆ ಹುಳ ಅಲ್ಲೇ ಗೂಡು ಕಟ್ಟುತ್ತದೆ.

ಇನ್ನು ಊರಲ್ಲಿ ಜಮೀನು ಇರುವವರಿಗೆ. ನಮ್ಮಲ್ಲಿ ಹಲವರ ಹೊಲವನ್ನು ಚಿಕ್ಕಪ್ಪನೋ, ಗುತ್ತಿಗೆಯವರೋ ನೋಡಿಕೊಳ್ಳುತ್ತಾರೆ. ಈ ಹುಳಕ್ಕೆ ದಾರಿಗಳಿವೆ. ಹೆಣ್ಣು ಪತಂಗದ ವಾಸನೆಯನ್ನು ಹೋಲುವ ಗುಳಿಗೆ ಇಟ್ಟು ಗಂಡು ಪತಂಗಗಳನ್ನು ಹಿಡಿಯುವ ಮೋಹಕ ಬಲೆ ಇದೆ. ಬಾಡಿದ ಕುಡಿಗಳನ್ನು ವಾರವಾರ ಕತ್ತರಿಸಿ ಸುಡುವುದು, ಹಳೆಯ ಬದನೆಗಿಡದ ಕಡ್ಡಿಯನ್ನು ಹೊಲದ ಬದುವಿನಲ್ಲಿ ರಾಶಿ ಹಾಕಿ ಬಿಡದಿರುವುದು ಇದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸಾಬೂನು, ಹೊಂಗೆಯ ಸಾಬೂನು ಇವೆ. ಹುಳದ ಮೈಯಲ್ಲೇ ಮೊಟ್ಟೆ ಇಟ್ಟು ಅದನ್ನು ಮುಗಿಸುವ ಸಣ್ಣ ಕಣಜಗಳೂ ಇವೆ; ಔಷಧಿ ನಿಲ್ಲಿಸಿದರೆ ಅವು ತಾವಾಗಿ ಬರುತ್ತವೆ. ತೈವಾನಿನ ವಿಶ್ವ ತರಕಾರಿ ಕೇಂದ್ರದವರು 2000ದ ನಂತರದ ವರ್ಷಗಳಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾದ ಹೊಲಗಳಲ್ಲಿ ಇಂಥ ಕ್ರಮಗಳನ್ನು ಒಟ್ಟಿಗೆ ಮಾಡಿ ತೋರಿಸಿದರು.

ಇವೆಲ್ಲ ಹುಳವನ್ನು ಕಡಿಮೆ ಮಾಡುತ್ತವೆ, ಇಲ್ಲವಾಗಿಸುವುದಿಲ್ಲ. ಪತಂಗ ಹಾರುತ್ತದೆ, ಪಕ್ಕದ ಹೊಲದವನು ಮಾಡದಿದ್ದರೆ ಅವನ ಹುಳ ನಿಮ್ಮ ಹೊಲಕ್ಕೆ ಬರುತ್ತದೆ. ಔಷಧಿ ನಿಲ್ಲಿಸಿದ ಮೊದಲ ವರ್ಷ ಹುಳುಕು ಹೆಚ್ಚೇ ಇರುತ್ತದೆ. ಆ ವರ್ಷದ ನಷ್ಟವನ್ನು ಗುತ್ತಿಗೆಯವನು ತಾನೊಬ್ಬನೇ ಹೊರಲಾರ. ಅದನ್ನು ಹೊರಬೇಕಾದವರು ದಿರ್ಹಮಿನಲ್ಲಿ ಸಂಬಳ ಎಣಿಸುವ ನಾವು. ಗುತ್ತಿಗೆಯ ಹಣದಲ್ಲಿ ಒಂದಷ್ಟು ಬಿಟ್ಟುಕೊಡಿ, ಬಲೆಗಳಿಗೆ ನೀವೇ ದುಡ್ಡು ಕಳಿಸಿ. ದೇಸಿ ತಳಿಯ ಮೇಲಿನ ಪ್ರೀತಿಗೆ ಅಷ್ಟಾದರೂ ಬೆಲೆ ಇರಲಿ.

ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಮಳೆ ಬಂತಾ, ಬೆಳೆ ಹೇಗಿದೆ ಅಂತ ಹೇಗೂ ಕೇಳುತ್ತೀರಿ. ಜೊತೆಗೆ ಇನ್ನೊಂದನ್ನು ಕೇಳಿ: ಈ ವಾರ ಬದನೆಗೆ ಎಷ್ಟು ಸಲ ಹೊಡೆದಿರಿ, ಹೊಡೆದವರು ಯಾರು? ಆ 'ಯಾರು' ಎಂಬುದಕ್ಕೆ ಒಂದು ಹೆಸರು ಬರುತ್ತದೆ. ಆ ಹೆಸರು ಕೇಳಿದ ಮೇಲೆ ಎಷ್ಟು ತೂತು ಸಹಿಸಬಹುದು ಅಂತ ನೀವೇ ತೀರ್ಮಾನಿಸಿ.